'ಅಟ್ರೋಶಸ್' ಅಂದರೆ ಎಷ್ಟು ಕೆಟ್ಟದ್ದು? ಕೇಸ್ ಹಾಕುವಷ್ಟಾ?

ಮೂಡಿಗೆರೆ ಮಳೆ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಮೂಡಿಗೆರೆ ಕಡೆ ಒಂದು ಸಣ್ಣ ಹೋಂಸ್ಟೇ ನಡೆಸುತ್ತಾರೆ. ಹೋದ ವಾರ ಬಂದಿದ್ದ ಒಬ್ಬರು ಇಂಗ್ಲಿಷಿನಲ್ಲಿ ರಿವ್ಯೂ ಬರೆದಿದ್ದಾರೆ. ಅಕ್ಕಿ ರೊಟ್ಟಿ 'ಡಿವೈನ್', ರಸ್ತೆ 'ಅಟ್ರೋಶಸ್' ಅಂತ. ಚಿಕ್ಕಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪೇಪರ್‌ನಲ್ಲಿ 'ಅಟ್ರಾಸಿಟಿ ಕೇಸ್' ಅಂತ ಓದಿದ್ದು ಮಾತ್ರ ಗೊತ್ತು. ಮೊಬೈಲ್ ಹಿಡಿದುಕೊಂಡು ಬಂದು 'ಏನಪ್ಪಾ, ಇವರು ನಮ್ಮ ಮೇಲೆ ಕೇಸ್ ಹಾಕುತ್ತಾರಾ' ಅಂತ ಕೇಳಿದರು. ನಾನು 'ಇಲ್ಲ, ರಸ್ತೆ ಚೆನ್ನಾಗಿಲ್ಲ ಅಂದಿದ್ದಾರೆ ಅಷ್ಟೆ' ಎಂದೆ. ಆದರೆ ಆಮೇಲೆ ನನಗೇ ಡೌಟ್ ಶುರುವಾಯಿತು. ಒಂದು ಕಡೆ ಕೊಲೆ, ಹಲ್ಲೆಗೆ ಬಳಸುವ ಪದ, ಇನ್ನೊಂದು ಕಡೆ ಗುಂಡಿ ಬಿದ್ದ ರಸ್ತೆಗೂ ಅದೇ. ಇದು ಹೇಗೆ? 'ಬ್ಯಾಡ್', 'ಟೆರಿಬಲ್' ಎಲ್ಲ ಇರುವಾಗ ಇದನ್ನು ಯಾವಾಗ ಬಳಸಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಕಡೂರು ಬಯಲು
ಮೊದಲು ಆ ಹೋಂಸ್ಟೇ ಅಡ್ರೆಸ್ ಕೊಡಿ. ಅಕ್ಕಿ ರೊಟ್ಟಿ ವಿಷಯ ಇತ್ಯರ್ಥ ಮಾಡೋಣ. ರಸ್ತೆ ಆಮೇಲೆ.

ಹಾಸನದ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೂಲದಲ್ಲಿ ಇದು ಲ್ಯಾಟಿನ್ನಿನ 'ಆಟ್ರಾಕ್ಸ್' ಎಂಬ ಪದದಿಂದ ಬಂದದ್ದು. ಕ್ರೂರ, ಘೋರ ಎಂದು ಅರ್ಥ. ಅದರ ಒಳಗೆ 'ಆಟರ್' ಇದೆ, ಅಂದರೆ ಕಪ್ಪು. ಕೊನೆಯ ತುಂಡು ಕಣ್ಣಿಗೆ, ನೋಟಕ್ಕೆ ಸಂಬಂಧಿಸಿದ್ದು. ನೋಡಿದರೇ ಮುಖ ಕಪ್ಪಿಟ್ಟು ಭಯ ಹುಟ್ಟಿಸುವಂಥದ್ದು ಅಂದುಕೊಳ್ಳಿ. 'ಫೆರೋಶಸ್' ಕೂಡ ಇದೇ ಅಚ್ಚಿನದು. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಬರೀ ಕ್ರೌರ್ಯದ ಪದ. ಕೊಲೆ, ಚಿತ್ರಹಿಂಸೆ, ಯುದ್ಧದಲ್ಲಿ ಮಾಡುವ ಅನ್ಯಾಯ, ಇಂಥವಕ್ಕೆ ಮಾತ್ರ. 'ತೀರಾ ಕಳಪೆ' ಎಂಬ ಹಗುರ ಅರ್ಥ ಮಾತಿನಲ್ಲಿ ರೂಢಿಯಾದದ್ದು ತುಂಬಾ ತಡವಾಗಿ, ಹತ್ತೊಂಬತ್ತನೇ ಶತಮಾನದಲ್ಲಿ.

ಆದರೆ ಹಗುರ ಮಾಡುವ ಆಟ ಅದಕ್ಕಿಂತ ಮೊದಲೇ ಇತ್ತು. 1741ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೊರೇಶಿಯೋ ವಾಲ್‌ಪೋಲ್ ಎಂಬ ಹಿರಿಯರು ವಿಲಿಯಂ ಪಿಟ್‌ಗೆ 'ನೀನಿನ್ನೂ ಹುಡುಗ' ಎಂಬ ಧಾಟಿಯಲ್ಲಿ ಚುಚ್ಚಿದರು. ಪಿಟ್‌ಗೆ ಆಗ 32 ವರ್ಷ. ಯುವಕನಾಗಿರುವ 'ಅಟ್ರೋಶಸ್ ಕ್ರೈಮ್' ನನ್ನ ಮೇಲೆ ಹೊರಿಸಿದ್ದಾರೆ, ಅದನ್ನು ನಾನು ನಿರಾಕರಿಸುವುದೂ ಇಲ್ಲ, ಮುಚ್ಚಿಡುವುದೂ ಇಲ್ಲ ಎಂದು ಪಿಟ್ ತಿರುಗೇಟು ಕೊಟ್ಟರು. ಆ ಮಾತನ್ನು ವರದಿಯಲ್ಲಿ ಹಾಗೆ ಹೊಂದಿಸಿ ಬರೆದವರು ಸ್ಯಾಮ್ಯುಯೆಲ್ ಜಾನ್ಸನ್, ನಿಘಂಟು ಮಾಡಿದ ಅದೇ ಜಾನ್ಸನ್. ಪದ ಭಾರವಾಗಿದ್ದರಿಂದಲೇ ಅಲ್ಲಿ ವ್ಯಂಗ್ಯ ಕಚ್ಚಿತು. ಇವತ್ತು ರಸ್ತೆಗೆ 'ಅಟ್ರೋಶಸ್' ಅಂದರೆ ಯಾರಿಗೂ ವ್ಯಂಗ್ಯ ಅನ್ನಿಸುವುದಿಲ್ಲ, ಅಷ್ಟು ಸವೆದಿದೆ.

ಆಲೂರು ಹುಡುಗಿ
ಸರ್, ಉಚ್ಚಾರಣೆ 'ಅಟ್ರಾಸಿಯಸ್' ಅಲ್ವಾ? ನಮ್ಮ ಕಾಲೇಜಿನಲ್ಲಿ ಎಲ್ಲರೂ ಹಾಗೇ ಹೇಳುವುದು.

ಹಾಸನದ ಮೇಷ್ಟ್ರು
'ಅಟ್ರೋಶಸ್' ಅಮ್ಮಾ. ಒತ್ತು 'ಟ್ರೋ' ಮೇಲೆ. ಆದರೆ ನಾಮಪದ ಮಾಡಿದರೆ ಸ್ವರ ಬದಲಾಗಿ 'ಅಟ್ರಾಸಿಟಿ' ಆಗುತ್ತದೆ. 'ಫೆರೋಶಸ್'ಗೆ 'ಫೆರಾಸಿಟಿ' ಇದ್ದ ಹಾಗೆ. ನಮ್ಮ ಜನ 'ಅಟ್ರಾಸಿಟಿ' ಮೊದಲು ಕೇಳಿರುತ್ತಾರೆ, ಅದಕ್ಕೇ ಹಿಂದಕ್ಕೆ ಹೋಗಿ 'ಅಟ್ರಾಸಿಯಸ್' ಮಾಡಿಕೊಳ್ಳುತ್ತಾರೆ. ಸ್ಪೆಲ್ಲಿಂಗ್‌ನಲ್ಲೂ ಎಚ್ಚರ, 'ಶ' ಸದ್ದು ಬರುವ ಕಡೆ ಇರುವುದು ಸಿ ಅಕ್ಷರ, ಟಿ ಅಲ್ಲ.

ಬೇಲೂರು ಗೈಡ್
ನನ್ನದೊಂದು. ಚೆನ್ನಕೇಶವ ದೇವಸ್ಥಾನದಲ್ಲಿ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ಉಗ್ರನರಸಿಂಹನನ್ನು ತೋರಿಸುವಾಗ ಇಂಗ್ಲಿಷಿನಲ್ಲಿ 'ಫಿಯರ್ಸ್ ಫಾರ್ಮ್' ಅನ್ನುತ್ತೇನೆ. ಮೇಷ್ಟ್ರು ಹೇಳಿದ 'ನೋಡಿದರೇ ಭಯ' ಅನ್ನುವ ಅರ್ಥ ಸರಿಯಾಗಿ ಕೂರುತ್ತದಲ್ಲ, 'ಅಟ್ರೋಶಸ್ ಫಾರ್ಮ್' ಅನ್ನಬಹುದಾ?

ಹಾಸನದ ಮೇಷ್ಟ್ರು
ದಯವಿಟ್ಟು ಬೇಡಿ ಸ್ವಾಮಿ! ನರಸಿಂಹನನ್ನು ಬೈದ ಹಾಗೆ ಆಗುತ್ತದೆ. ಇಲ್ಲವೇ ಶಿಲ್ಪಿಗೆ ಕೆತ್ತಲು ಬರಲಿಲ್ಲ ಅಂದ ಹಾಗೆ. 'ಫಿಯರ್ಸ್' ಸರಿಯಾಗಿದೆ, 'ಫೆರೋಶಸ್' ಕೂಡ ನಡೆಯುತ್ತದೆ. ಮೂಲದ ಅರ್ಥ ಏನೇ ಇರಲಿ, ಈಗಿನ ಇಂಗ್ಲಿಷಿನಲ್ಲಿ 'ಅಟ್ರೋಶಸ್' ಒಳಗೆ ಯಾವಾಗಲೂ ಒಂದು ಛೀಮಾರಿ ಇದೆ. ಬರೀ ಭಯಕ್ಕೆ ಅದು ಬರುವುದಿಲ್ಲ.

ಬೇಲೂರು ಗೈಡ್
ಬದುಕಿದೆ. ಆದರೆ ಅದೇ ಮೂರ್ತಿ ನೋಡಿ ಟೂರಿಸ್ಟ್‌ಗಳು 'ಟೆರಿಫಿಕ್' ಅನ್ನುತ್ತಾರೆ. ಅದೂ ಭಯದ ಪದವೇ ಅಲ್ವಾ?

ಹಾಸನದ ಮೇಷ್ಟ್ರು
ಹೌದು. 'ಟೆರಿಬಲ್', 'ಟೆರಿಫಿಕ್' ಎರಡೂ ಭಯದ ಮನೆಯ ಅಣ್ಣತಮ್ಮಂದಿರು. ಒಬ್ಬ ಕೆಟ್ಟ, ಇನ್ನೊಬ್ಬ ಉದ್ಧಾರವಾದ. 'ಆಫುಲ್', 'ಆಸಮ್' ಕಥೆಯೂ ಅದೇ. ನಾವೂ ಕಮ್ಮಿ ಇಲ್ಲ. 'ಊಟ ಭಯಂಕರ ಚೆನ್ನಾಗಿತ್ತು' ಅನ್ನುವುದಿಲ್ಲವಾ? ಆದರೆ 'ಅಟ್ರೋಶಸ್' ಯಾವತ್ತೂ ಒಳ್ಳೆಯ ಕಡೆಗೆ ವಾಲಲಿಲ್ಲ. 'ಆಫುಲಿ ಗುಡ್', 'ಟೆರಿಬ್ಲಿ ನೈಸ್' ಅನ್ನುತ್ತಾರೆ. 'ಅಟ್ರೋಶಸ್ಲಿ ಗುಡ್' ಅಂತ ಹೇಳಿದರೆ ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ.

ಬಾಳೆಹೊನ್ನೂರು ಕಾಫಿ
ನನಗೆ ಈ ಪದದ ಮೇಲೇ ತಕರಾರಿದೆ. ನಾನು ಕಾಫಿ ರುಚಿ ನೋಡುವ ಕೆಲಸದಲ್ಲಿ ಇರುವವನು. ಕಪ್ಪಿಂಗ್ ಟೇಬಲ್ ಮೇಲೆ ಯಾರಾದರೂ 'ಅಟ್ರೋಶಸ್' ಅಂತ ಬರೆದರೆ ಆ ಶೀಟು ಯಾವ ಕೆಲಸಕ್ಕೂ ಬರುವುದಿಲ್ಲ. ಏನು ಕೆಟ್ಟಿದೆ ಹೇಳಬೇಕು. ಮಳೆಗಾಲದ ತೇವದಲ್ಲಿ ಸರಿಯಾಗಿ ಒಣಗದೆ ಬೂಸಲು ವಾಸನೆ ಬಂದರೆ 'ಮಸ್ಟಿ'. ತೊಟ್ಟಿಯಲ್ಲಿ ಜಾಸ್ತಿ ಹೊತ್ತು ಕೊಳೆತರೆ 'ಓವರ್ ಫರ್ಮೆಂಟೆಡ್'. ಹಳೆಯ ಬೀಜ ಪಲ್ಪರ್‌ನಲ್ಲೋ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತೊಟ್ಟಿಯಲ್ಲೋ ಸಿಕ್ಕಿಕೊಂಡು ಕೊಳೆತು, ಆಮೇಲೆ ಹೊಸ ಲಾಟಿನ ಜೊತೆ ಸೇರಿಕೊಂಡರೆ ಅದು 'ಸ್ಟಿಂಕರ್'. ಹೊರಗಿನಿಂದ ನೋಡಿದರೆ ಗೊತ್ತೇ ಆಗದಿರಬಹುದು, ಕತ್ತರಿಸಿದರೆ ಮೂಗು ಮುಚ್ಚಿಕೊಳ್ಳಬೇಕು, ಒಂದೇ ಒಂದು ಬೀಜ ಸಾಕು ಇಡೀ ಕಪ್ ಹಾಳಾಗೋಕೆ. ಈ ಪದಗಳನ್ನು ಹೇಳಿದರೆ ಬೆಳೆಗಾರ ವಾಪಸ್ ಹೋಗಿ ಪಲ್ಪರ್ ತೊಳೆಸುತ್ತಾನೆ, ಕಣ ಸರಿ ಮಾಡಿಸುತ್ತಾನೆ. 'ಅಟ್ರೋಶಸ್' ಅಂದರೆ ಅವನು ಏನು ಮಾಡಬೇಕು? ಸುಮ್ನೆ ಬೇಜಾರು ಮಾಡಿಕೊಂಡು ಮನೆಗೆ ಹೋಗಬೇಕಷ್ಟೆ.

ನಿಮ್ಮ ರಿವ್ಯೂ ಬರೆದವರು 'ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಸಣ್ಣ ಕಾರು ತಳ ತಾಗುತ್ತದೆ' ಎಂದು ಬರೆದಿದ್ದರೆ ಮುಂದೆ ಬರುವವರಿಗೂ ಉಪಯೋಗ ಇತ್ತು.

ಸಕಲೇಶಪುರ ಲಾರಿ
ಕಾಫಿ ಸಾರ್ ಹೇಳಿದ್ದು ಟೇಬಲ್ ಮೇಲೆ ಸರಿ. ಆದರೆ 2024ರ ಜುಲೈನಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟ್ ಬಂದ್ ಆದಾಗ ಗಾಡಿಯಲ್ಲಿ ಲೋಡ್ ಇಟ್ಟುಕೊಂಡು ಮಳೆಯಲ್ಲಿ ಕಾದವರ ಹತ್ತಿರ ಬಂದು 'ಯಾವ ಬಗೆಯ ದೋಷ, ವಿವರಿಸಿ' ಅಂದರೆ ಒದೆ ಬೀಳುತ್ತದೆ. ಆಗ ಬೇಕಾದ್ದು ಒಂದು ದೊಡ್ಡ ಪದ. ನಾವು 'ಎಕ್ಕುಟ್ಟು ಹೋಯ್ತು' ಅಂದೆವು. ಇಂಗ್ಲಿಷ್ ಬಂದಿದ್ದರೆ 'ಅಟ್ರೋಶಸ್' ಅನ್ನುತ್ತಿದ್ದೆವು.

ಬಾಳೆಹೊನ್ನೂರು ಕಾಫಿ
ಅದಕ್ಕೆ ನನ್ನ ತಕರಾರಿಲ್ಲ ಅಣ್ಣ. ಸಿಟ್ಟಿಗೆ ಸಿಟ್ಟಿನ ಪದ. ದೂರು ಬರೆಯುವಾಗ ಮಾತ್ರ ಅದರ ಹಿಂದೆ ಬಚ್ಚಿಟ್ಟುಕೊಳ್ಳಬೇಡಿ ಅಂದೆ.

ಹಾಸನದ ಮೇಷ್ಟ್ರು
ಲಾರಿಯವರು ಗೊತ್ತಿಲ್ಲದೇ ಸರಿಯಾದ ಜೋಡಿ ಹೇಳಿದರು. 'ಅಟ್ರೋಶಸ್ ವೆದರ್', 'ಅಟ್ರೋಶಸ್ ಕಂಡಿಷನ್ಸ್' ಇವು ಇಂಗ್ಲಿಷರ ಬಾಯಲ್ಲಿ ದಿನಾ ಬರುವ ಜೋಡಿಗಳು, ಅದರಲ್ಲೂ ಮಳೆ, ಗಾಳಿ, ಮಂಜಿನಲ್ಲಿ ಗಾಡಿ ಓಡಿಸುವ ಮಾತು ಬಂದಾಗ. ಹಾಗೆಯೇ ಕೈಬರಹ, ಸ್ಪೆಲ್ಲಿಂಗ್, ನಟನೆ, ನಡವಳಿಕೆ, ರುಚಿ, ಸರ್ವೀಸ್. ಗಮನಿಸಿ, ಹೆಚ್ಚಿನವು ಮನುಷ್ಯ ಮಾಡಿದ್ದು, ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅನ್ನುವಂಥವು. ನನ್ನ ಹುಡುಗರ ಉತ್ತರ ಪತ್ರಿಕೆಗಳ ಕಾಗೆಕಾಲು ಗುಬ್ಬಿಕಾಲು ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಗಲಿಲ್ಲ.

ಹೊಳೆನರಸೀಪುರದವ
ಎಲ್ಲ ಓದಿದೆ. ತಮಾಷೆಯೂ ಚೆನ್ನಾಗಿದೆ. ಆದರೆ ಮೊದಲ ಪೋಸ್ಟಿನಲ್ಲಿ ಬಂದ 'ಅಟ್ರಾಸಿಟಿ' ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕೇರಿಯಲ್ಲಿ ಆ ಪದ ಕೇಳಿದರೆ ಯಾರಿಗೂ ನಗು ಬರುವುದಿಲ್ಲ. ಇಂಗ್ಲಿಷ್ ಒಂದಕ್ಷರ ಬರದ ನಮ್ಮ ಅಜ್ಜಿಗೂ ಅದು ಗೊತ್ತು. ನಾನು ಗಮನಿಸಿದ್ದು ಒಂದಿದೆ. ಪದದ ಅರ್ಥ 'ಘೋರ ಕೃತ್ಯ', ಅಂದರೆ ಮಾಡಿದವನ ಕೆಲಸದ ಹೆಸರು. ಆದರೆ ಊರಲ್ಲಿ ಜನ ಏನನ್ನುತ್ತಾರೆ? 'ಅವನು ಅಟ್ರಾಸಿಟಿ ಮಾಡಿದ' ಅಂತ ಹೊಡೆದವನ ಬಗ್ಗೆ ಯಾರೂ ಹೇಳುವುದಿಲ್ಲ. 'ಅವರು ಅಟ್ರಾಸಿಟಿ ಹಾಕಿದರು' ಅಂತ ಹೊಡೆಸಿಕೊಂಡವರ ಬಗ್ಗೆ ಹೇಳುತ್ತಾರೆ. 'ಹುಷಾರು, ಅಟ್ರಾಸಿಟಿ ಹಾಕಿಬಿಡುತ್ತಾರೆ' ಅಂತ ಅಂಗಡಿ ಮುಂದೆ ಕೂತು ನಗುತ್ತಾರೆ. ಮಾಡಿದವನ ಹಣೆಯ ಮೇಲೆ ಇರಬೇಕಾದ ಪದ ದೂರು ಕೊಟ್ಟವರ ಹಣೆಗೆ ಬಂದು ಅಂಟಿಕೊಂಡಿದೆ. ಇದನ್ನು ಯಾವ ಡಿಕ್ಷನರಿಯೂ ಹೇಳುವುದಿಲ್ಲ.

ರಸ್ತೆಗೆ 'ಅಟ್ರೋಶಸ್' ಅನ್ನಿ, ನನಗೇನೂ ಇಲ್ಲ. ಈ ಇನ್ನೊಂದು ಬಳಕೆ ಬಗ್ಗೆಯೂ ಸ್ವಲ್ಪ ಯೋಚನೆ ಮಾಡಿ ಅಂತ ಅಷ್ಟೆ.

ಅರಸೀಕೆರೆ ವಕೀಲೆ
ಹೊಳೆನರಸೀಪುರದವರು ಹೇಳಿದ್ದು ನೂರಕ್ಕೆ ನೂರು ನಿಜ. ಕೋರ್ಟ್ ಆವರಣದಲ್ಲೂ ಅದೇ ಭಾಷೆ. ಕಕ್ಷಿದಾರರು ಬಂದು 'ಮೇಡಂ, ನಮ್ಮ ಮೇಲೆ ಅಟ್ರಾಸಿಟಿ ಬಿದ್ದಿದೆ' ಅನ್ನುತ್ತಾರೆ. ಗುಡ್ಡ ಬಿದ್ದ ಹಾಗೆ. ಯಾರೋ ಮಾಡಿದ್ದರಿಂದ ಬಂತು ಅನ್ನುವುದೇ ಆ ಮಾತಿನಲ್ಲಿ ಇರುವುದಿಲ್ಲ.

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಪೂರ್ತಿ ಹೆಸರು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989. ಜಾರಿಗೆ ಬಂದದ್ದು 1990ರ ಜನವರಿ 30ರಂದು. ಇಲ್ಲಿ 'ಅಟ್ರಾಸಿಟಿ' ಅನ್ನುವುದು 'ತುಂಬಾ ಕೆಟ್ಟ ಕೆಲಸ' ಎಂಬ ಸಡಿಲ ಮಾತಲ್ಲ. ಕಾಯ್ದೆಯ 2ನೇ ಸೆಕ್ಷನ್ ಅದಕ್ಕೆ ಅರ್ಥ ಕಟ್ಟಿದೆ, 3ನೇ ಸೆಕ್ಷನ್ನಿನ ಅಡಿ ಶಿಕ್ಷೆಯಾಗುವ ಅಪರಾಧ ಎಂದು. ಆ 3ನೇ ಸೆಕ್ಷನ್ನಿನಲ್ಲಿ ಉದ್ದದ ಪಟ್ಟಿ ಇದೆ. ಜಮೀನು ಕಿತ್ತುಕೊಳ್ಳುವುದು, ಎಲ್ಲರೆದುರು ಜಾತಿ ಹಿಡಿದು ನಿಂದಿಸುವುದು, ಬಳಸುವ ನೀರನ್ನು ಕೊಳಕು ಮಾಡುವುದು. 2015ರ ತಿದ್ದುಪಡಿಯಲ್ಲಿ ಚಪ್ಪಲಿ ಹಾರ ಹಾಕುವುದು, ತಲೆ ಮೀಸೆ ಬೋಳಿಸುವುದು ಕೂಡ ಹೆಸರು ಹೇಳಿ ಸೇರಿದವು. ಇವನ್ನೆಲ್ಲ ಒಂದೊಂದಾಗಿ ಬರೆಯಬೇಕಾಯಿತು ಅಂದರೆ ಇವೆಲ್ಲ ನಡೆಯುತ್ತಿದ್ದವು ಅಂತಲೇ ಅರ್ಥ. 1995ರ ನಿಯಮಗಳ ಪ್ರಕಾರ ತನಿಖೆ ಮಾಡುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು.

ಮೂಡಿಗೆರೆಯವರ ಚಿಕ್ಕಪ್ಪನಿಗೆ ಹೇಳಿ, ಗುಂಡಿ ಬಿದ್ದ ರಸ್ತೆ ಆ ಪಟ್ಟಿಯಲ್ಲಿ ಇಲ್ಲ.

ಕಡೂರು ಬಯಲು
ಇರಬೇಕಿತ್ತು.

ಅರಸೀಕೆರೆ ವಕೀಲೆ
ನೋಡಿ, ಈ ಜೋಕೇ ಬೇಡ ಅಂತ ಅವರು ಹೇಳಿದ್ದು.

ಕಡೂರು ಬಯಲು
ಸರಿ ಮೇಡಂ. ತಪ್ಪಾಯ್ತು.

ಮೂಡಿಗೆರೆ ಮಳೆ
ಈ ಚರ್ಚೆ ಇಷ್ಟು ದೂರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಪ್ರಶ್ನೆ. ಕನ್ನಡದ 'ದೌರ್ಜನ್ಯ' ಯಾಕೆ ಹೀಗೆ ಸವೆಯಲಿಲ್ಲ? 'ದೌರ್ಜನ್ಯದ ರಸ್ತೆ', 'ದೌರ್ಜನ್ಯದ ಕಾಫಿ' ಅಂತ ಯಾರೂ ಹೇಳುವುದಿಲ್ಲವಲ್ಲ.

ಹಾಸನದ ಮೇಷ್ಟ್ರು
ಯಾಕೆಂದರೆ ಅದರ ಒಳಗೆ ಮನುಷ್ಯ ಕಾಣಿಸುತ್ತಾನೆ. ದುರ್ಜನ ಮಾಡುವುದು ದೌರ್ಜನ್ಯ. ರಸ್ತೆ ದುರ್ಜನ ಆಗುವುದಿಲ್ಲ. 'ಆಟ್ರಾಕ್ಸ್' ಒಳಗಿನ ಕಪ್ಪು ಮುಖ ಇಂಗ್ಲಿಷರಿಗೆ ಕಾಣಿಸುವುದಿಲ್ಲ, ಹಾಗಾಗಿ ಎಲ್ಲಿ ಬೇಕಾದರೂ ಅಂಟಿಸಿಕೊಂಡರು. ಇದು ನನ್ನ ಅನಿಸಿಕೆ.

ಮತ್ತೆ, ನಮಗೆ ಅಗತ್ಯವೂ ಬೀಳಲಿಲ್ಲ. ಹದಗೆಟ್ಟಿದೆ, ಅಧ್ವಾನ, ದರಿದ್ರ, ಗಬ್ಬೆದ್ದು ಹೋಗಿದೆ, ಬಾಯಿಗೆ ಇಡೋಕಾಗಲ್ಲ. ಒಂದೊಂದಕ್ಕೂ ಒಂದೊಂದು ಜಾಗ. ಅಡುಗೆ ಹದಗೆಡುತ್ತದೆ, ಮದುವೆ ಮನೆ ವ್ಯವಸ್ಥೆ ಅಧ್ವಾನ ಆಗುತ್ತದೆ, ಬಸ್ ಸ್ಟ್ಯಾಂಡ್ ಗಬ್ಬೆದ್ದು ಹೋಗುತ್ತದೆ. 'ಅಟ್ರೋಶಸ್' ಇವೆಲ್ಲದರ ಜಾಗದಲ್ಲೂ ಕೂರುತ್ತದೆ. ಆದ್ದರಿಂದ ಅನುವಾದ ಮಾಡುವವರು ಒಂದೇ ಕನ್ನಡ ಪದ ಹುಡುಕಿ ಕೂರಬೇಡಿ.

ಸಕಲೇಶಪುರ ಲಾರಿ
ನಮ್ಮ ಕ್ಲೀನರ್ ತಮಿಳುನಾಡಿನ ಹುಡುಗ. ಅವನು ಸಣ್ಣ ಮಕ್ಕಳ ತುಂಟಾಟಕ್ಕೂ 'ಅಟ್ರಾಸಿಟಿ' ಅನ್ನುತ್ತಾನೆ. ನಾನು ಬೆಚ್ಚಿಬಿದ್ದಿದ್ದೆ.

ಅರಸೀಕೆರೆ ವಕೀಲೆ
ಹೌದು, ತಮಿಳಿನ ಆಡುಮಾತಿನಲ್ಲಿ ತರಲೆ, ಜೋರು ಮಾಡುವುದು ಅಂತ ಅರ್ಥ ಬಂದುಬಿಟ್ಟಿದೆ. ನಮ್ಮ ಹುಡುಗರಲ್ಲೂ ಕೆಲವರು 'ಅವನ ಅಟ್ರಾಸಿಟಿ ಜಾಸ್ತಿ ಆಯ್ತು' ಅನ್ನಲು ಶುರು ಮಾಡಿದ್ದಾರೆ. ನನಗೆ ಕೇಳೋಕೆ ಹಿಂಸೆ. ಆದರೆ ಬಾಯಿಗೆ ಬೀಗ ಹಾಕೋಕೆ ಆಗುತ್ತದಾ.

ಆಲೂರು ಹುಡುಗಿ
ಸರ್, ಪರೀಕ್ಷೆಗೆ ಬೇಕು. 'ವೆರಿ ಅಟ್ರೋಶಸ್' ಅಂದರೆ ತಪ್ಪಾ?

ಹಾಸನದ ಮೇಷ್ಟ್ರು
ಕಿವಿಗೆ ಚೆನ್ನಾಗಿ ಕೇಳುವುದಿಲ್ಲ. ಅದರಲ್ಲೇ 'ತೀರಾ' ಸೇರಿಕೊಂಡಿದೆ, ಮೇಲೆ ಇನ್ನೊಂದು 'ತುಂಬಾ' ಯಾಕೆ? ಕನ್ನಡದಲ್ಲಿ 'ತುಂಬಾ ಅತ್ಯಂತ ಕೆಟ್ಟದ್ದು' ಅನ್ನುವುದಿಲ್ಲವಲ್ಲ. ಒತ್ತಿ ಹೇಳಬೇಕಿದ್ದರೆ 'ಆಬ್ಸಲ್ಯೂಟ್ಲಿ ಅಟ್ರೋಶಸ್' ಅಥವಾ 'ಟ್ರೂಲಿ ಅಟ್ರೋಶಸ್'. 'ಕ್ವೈಟ್ ಅಟ್ರೋಶಸ್' ಅಂದರೆ 'ಸುಮಾರಾಗಿ ಕೆಟ್ಟದ್ದು' ಅಲ್ಲ, 'ಪೂರ್ತಿ ಕೆಟ್ಟದ್ದು'. ಇಂಥ ಪದದ ಜೊತೆ 'ಕ್ವೈಟ್' ತನ್ನ ಬಣ್ಣ ಬದಲಾಯಿಸುತ್ತದೆ, ಎಂಸಿಕ್ಯೂನಲ್ಲಿ ಇದನ್ನು ಇಟ್ಟು ಹುಡುಗರನ್ನು ಬೀಳಿಸುತ್ತಾರೆ. ಆದರೆ ಕ್ರೌರ್ಯದ ಅರ್ಥದಲ್ಲಿ ಹೋಲಿಕೆ ನಡೆಯುತ್ತದೆ. 'ಮೋಸ್ಟ್ ಅಟ್ರೋಶಸ್ ಕ್ರೈಮ್' ಅನ್ನುವುದು ಸರಿಯಾದ ಇಂಗ್ಲಿಷ್.

ಬಾಳೆಹೊನ್ನೂರು ಕಾಫಿ
'ಅಬಿಸ್ಮಲ್' ಅಂತ ಇನ್ನೊಂದು ಬರುತ್ತದಲ್ಲ, ಅದೂ ಇದೂ ಒಂದೇನಾ?

ಹಾಸನದ ಮೇಷ್ಟ್ರು
ಹತ್ತಿರ, ಆದರೆ ಒಂದೇ ಅಲ್ಲ. 'ಅಬಿಸ್' ಅಂದರೆ ಗ್ರೀಕಿನಲ್ಲಿ ತಳವೇ ಇಲ್ಲದ್ದು. ಹಾಗಾಗಿ 'ಅಬಿಸ್ಮಲ್' ಅಳತೆಗೆ ಸಿಗುವ ಕಡೆ ಚೆನ್ನಾಗಿ ಕೂರುತ್ತದೆ. ಫಲಿತಾಂಶ, ಸ್ಕೋರು, ಸಂಬಳ, ಇಷ್ಟು ಕೆಳಗೆ ಹೋಯಿತು ಅನ್ನುವಲ್ಲಿ. ಅದರಲ್ಲಿ ಕ್ರೌರ್ಯದ ನೆರಳಿಲ್ಲ. ಪೊಲೀಸ್ ವರದಿಯಲ್ಲಿ 'ಅಬಿಸ್ಮಲ್ ಮರ್ಡರ್' ಎಂದು ಬರೆದರೆ ಕೊಲೆಗಾರನಿಗೆ ಕೊಲೆ ಮಾಡೋಕೆ ಬರಲಿಲ್ಲ ಅಂದ ಹಾಗೆ ಆಗುತ್ತದೆ.

ಅರಸೀಕೆರೆ ವಕೀಲೆ
ಹಹಹ. ನಮ್ಮ ಕಡೆ ತೀರ್ಪುಗಳಲ್ಲಿ 'ಎಗ್ರೀಜಿಯಸ್' ಜಾಸ್ತಿ. 'ಎಗ್ರೀಜಿಯಸ್ ವಯಲೇಷನ್' ಅಂತ. ಅದಕ್ಕೂ ಬೆಳಕು ಬಿಡಿ ಸರ್.

ಹಾಸನದ ಮೇಷ್ಟ್ರು
ಅದರ ಕಥೆ ಇನ್ನೂ ಮಜಾ. ಲ್ಯಾಟಿನ್ನಿನಲ್ಲಿ 'ಹಿಂಡಿನಿಂದ ಹೊರಗೆ ಎದ್ದು ನಿಂತದ್ದು'. ಮೊದಲು ಹೊಗಳಿಕೆ, ಅಸಾಧಾರಣ ವ್ಯಕ್ತಿ ಎಂದು. ಆಮೇಲೆ ಇಂಗ್ಲಿಷಿನಲ್ಲಿ ಎದ್ದು ಕಾಣುವಷ್ಟು ಕೆಟ್ಟದ್ದು ಎಂದಾಯಿತು. ಇಟಲಿಯವರು ಮಾತ್ರ ಇನ್ನೂ ಕಾಗದದಲ್ಲಿ 'ಮಾನ್ಯರೇ' ಅನ್ನುವ ಜಾಗದಲ್ಲಿ 'ಎಗ್ರೇಜಿಯೋ' ಎಂದು ಬರೆಯುತ್ತಾರೆ.

ಬೇಲೂರು ಗೈಡ್
ನಮ್ಮ 'ಪುಣ್ಯಾತ್ಮ', 'ಮಹಾನುಭಾವ' ಇದ್ದ ಹಾಗೆ. 'ಯಾವ ಪುಣ್ಯಾತ್ಮ ಇಲ್ಲಿ ಗಾಡಿ ನಿಲ್ಲಿಸಿದ್ದು' ಅಂದರೆ ಪುಣ್ಯ ಎಲ್ಲಿಂದ ಬರಬೇಕು.

ಆಲೂರು ಹುಡುಗಿ
ನಾನು ನಾಲ್ಕು ವಾಕ್ಯ ಮಾಡಿದ್ದೇನೆ, ತಿದ್ದಿ ಸರ್. 'ಮೈ ಹ್ಯಾಂಡ್‌ರೈಟಿಂಗ್ ಈಸ್ ಅಟ್ರೋಶಸ್.' 'ಐ ಫೀಲ್ ಅಟ್ರೋಶಸ್ ಟುಡೇ.' 'ಮೈ ಬ್ರದರ್ ಬಿಹೇವ್ಡ್ ಅಟ್ರೋಶಸ್ ಯೆಸ್ಟರ್‌ಡೇ.' 'ಐ ಆಮ್ ಅಟ್ರೋಶಸ್ ಅಟ್ ಮ್ಯಾಥ್ಸ್.'

ಹಾಸನದ ಮೇಷ್ಟ್ರು
ಮೊದಲನೆಯದು ಸರಿ. ಎರಡನೆಯದಕ್ಕೆ 'ಆಫುಲ್' ಹಾಕು. ಮೈ ಸರಿ ಇಲ್ಲ, ಮನಸ್ಸು ಸರಿ ಇಲ್ಲ ಅನ್ನೋಕೆ ಜನ ಬಳಸುವುದು ಅದನ್ನೇ. ಮೂರನೆಯದರಲ್ಲಿ 'ಅಟ್ರೋಶಸ್ಲಿ' ಆಗಬೇಕು, 'ಬಿಹೇವ್ಡ್' ಕ್ರಿಯಾಪದ ಅಲ್ವಾ. ನಾಲ್ಕನೆಯದು ಮಾತಿನಲ್ಲಿ ನಡೆಯುತ್ತದೆ, ಆದರೆ ಕೆಲಸದ ಅರ್ಜಿಯಲ್ಲಿ ಬರೆಯಬೇಡ.

ಆಲೂರು ಹುಡುಗಿ
ಥ್ಯಾಂಕ್ಸ್ ಸರ್. ಮ್ಯಾಥ್ಸ್‌ಗೂ ಒಂದು ಥ್ರೆಡ್ ಶುರು ಮಾಡಲಾ?

ಹಾಸನದ ಮೇಷ್ಟ್ರು
ಮಾಡು, ಆದರೆ ಅಲ್ಲಿ ನನ್ನನ್ನು ಟ್ಯಾಗ್ ಮಾಡಬೇಡ.